ಚೇಂಬರ್ ಸೂಚಕ ಮಲಗಿದ್ದರೆ ಪಿಸ್ತೂಲು ಖಾಲಿ ಎಂದಲ್ಲ

ಕಾರ್ಕಳ, ಹೆಬ್ರಿ ಕಡೆಯ ತೋಟದ ಮನೆಗಳಲ್ಲಿ ಪರವಾನಗಿಯ ಕೋವಿ ಹೊಸ ಸಂಗತಿಯೇನಲ್ಲ. ಹಂದಿ, ಮಂಗಗಳಿಂದ ಬೆಳೆ ಉಳಿಸಿಕೊಳ್ಳಲು ಇಟ್ಟುಕೊಂಡ ಆ ಕೋವಿಗಳು ಹೆಚ್ಚಾಗಿ ಒಂಟಿ ನಳಿಗೆಯವು ಅಥವಾ ಜೋಡಿ ನಳಿಗೆಯವು. ಹಿಂಬದಿಯಿಂದ ಕಾಡತೂಸು ತುಂಬುವ ಕೋವಿಯಾದರೆ ಅದನ್ನು ಮಡಚಿ ಬೆಳಕಿಗೆ ಹಿಡಿದರೆ ಸಾಕು, ನಳಿಗೆಯ ಈ ತುದಿಯಿಂದ ಆ ತುದಿಯವರೆಗೂ ಕಾಣಿಸುತ್ತದೆ; ಒಳಗೆ ಕಾಡತೂಸು ಇದೆಯೋ ಇಲ್ಲವೋ ಎಂಬುದರಲ್ಲಿ ಊಹೆಗೆ ಎಡೆಯೇ ಇರುವುದಿಲ್ಲ. ಪ್ರತಿ ಗುಂಡು ಹಾರಿದ ಮೇಲೆ ಮುಂದಿನದನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನ ಸ್ವಭಾವ ಬೇರೆ. ಅದರ ಚೇಂಬರನ್ನು, ಅಂದರೆ ಹಾರಬೇಕಾದ ಗುಂಡು ಕೂರುವ ನಳಿಗೆಯ ಹಿಂತುದಿಯನ್ನು, ಹಿಂದೆ ಮುಂದೆ ಸರಿಯುವ ಮೇಲ್ಭಾಗವಾದ ಸ್ಲೈಡ್ ಮುಚ್ಚಿಕೊಂಡಿರುತ್ತದೆ, ಗುಂಡುಗಳನ್ನು ತುಂಬಿಡುವ ಮ್ಯಾಗಝೀನ್ ಹೊರತೆಗೆದ ಮೇಲೂ ಚೇಂಬರಿನೊಳಗೆ ಒಂದು ಗುಂಡು ಉಳಿದಿರಬಹುದು, ಮತ್ತು ಅನೇಕ ಮಾದರಿಗಳಲ್ಲಿ ಮ್ಯಾಗಝೀನ್ ಇಲ್ಲದಿದ್ದರೂ ಕುದುರೆ ಎಳೆದರೆ ಆ ಗುಂಡು ಹಾರುತ್ತದೆ.

ಈ ಕತ್ತಲೆಯನ್ನು ನೀಗಿಸಲೆಂದೇ ಬಂದದ್ದು ಲೋಡೆಡ್ ಚೇಂಬರ್ ಇಂಡಿಕೇಟರ್, ಅಂದರೆ ಚೇಂಬರಿನಲ್ಲಿ ಕಾಡತೂಸು ಇದೆ ಎಂದು ಹೊರಗಿನಿಂದಲೇ ತೋರಿಸುವ ಸೂಚಕ. ಉಡುಪಿಯಲ್ಲಿ ಆತ್ಮರಕ್ಷಣೆಗೆಂದು .32 ಬೋರಿನ ಪಿಸ್ತೂಲಿಗೆ ಪರವಾನಗಿ ಪಡೆದ ಪರಿಚಿತರು ನನ್ನನ್ನು ಕೇಳುವುದುಂಟು: ಸೂಚಕ ಇರುವ ಪಿಸ್ತೂಲು ಕೊಂಡರೆ ಪ್ರತಿ ಬಾರಿ ಸ್ಲೈಡ್ ಎಳೆದು ನೋಡುವ ಕೆಲಸ ತಪ್ಪುತ್ತದಲ್ಲವೇ? ತಪ್ಪುವುದಿಲ್ಲ. ಏಕೆ ತಪ್ಪುವುದಿಲ್ಲ ಎಂಬುದನ್ನು ತುಸು ವಿವರವಾಗಿಯೇ ಬರೆಯಬೇಕೆನಿಸಿತು, ಏಕೆಂದರೆ ಈ ಪ್ರಶ್ನೆಯ ಹಿಂದಿರುವ ನಂಬಿಕೆ ಒಂದು ಮನೆಯ ನೆಮ್ಮದಿಯನ್ನೇ ಕಸಿದುಕೊಳ್ಳಬಲ್ಲದು.

ಸೂಚಕಗಳೆಲ್ಲ ಒಂದೇ ಬಗೆಯವಲ್ಲ. 1929ರ ವಾಲ್ಥರ್ ಪಿಪಿ ಮತ್ತು 1931ರ ಪಿಪಿಕೆ ಮಾದರಿಗಳಲ್ಲಿ ಸ್ಲೈಡಿನೊಳಗೆ ಒಂದು ತೆಳುವಾದ ಕಡ್ಡಿ ಇದೆ; ಅದರ ಮುಂತುದಿಯನ್ನು ಕಾಡತೂಸಿನ ಬುಡ ಹಿಂದಕ್ಕೆ ತಳ್ಳಿದಾಗ ಹಿಂತುದಿಯು ಗುಂಡು ಹಾರಿಸಲು ಬಡಿಯುವ ಹ್ಯಾಮರಿನ ಮೇಲ್ಗಡೆ ಹೊರಚಾಚುತ್ತದೆ. ಜರ್ಮನಿಯ ಲ್ಯೂಗರ್ ಪಿಸ್ತೂಲಿನಲ್ಲಿ ಕಾಡತೂಸನ್ನು ಹೊರಗೆಳೆಯುವ ಕೊಕ್ಕೆಯಾದ ಎಕ್ಸ್‌ಟ್ರ್ಯಾಕ್ಟರೇ ಮೇಲೆದ್ದು ಸೂಚನೆ ಕೊಡುತ್ತದೆ, ಈಗಿನ ಗ್ಲಾಕ್ ಮತ್ತು ಬೆರೆಟಾ 92ರಲ್ಲಿಯೂ ಎಕ್ಸ್‌ಟ್ರ್ಯಾಕ್ಟರಿಗೇ ಈ ಎರಡನೆಯ ಕೆಲಸ. ರೂಗರ್ ಎಸ್ಆರ್9, ಸ್ಪ್ರಿಂಗ್‌ಫೀಲ್ಡ್ ಎಕ್ಸ್‌ಡಿ ಮುಂತಾದವುಗಳಲ್ಲಿ ಸ್ಲೈಡಿನ ನೆತ್ತಿಯ ಮೇಲೆ ಪ್ರತ್ಯೇಕವಾದ ಒಂದು ಸನ್ನೆಪಟ್ಟಿ ಇರುತ್ತದೆ. ಸ್ಮಿತ್ ಆ್ಯಂಡ್ ವೆಸನ್ನಿನ ಎಂ ಆ್ಯಂಡ್ ಪಿ ಮಾದರಿಯಲ್ಲಿ ಚಲಿಸುವ ಭಾಗವೇ ಇಲ್ಲ. ಚೇಂಬರಿನ ಹಿಂತುದಿಯಲ್ಲಿರುವ ಸಣ್ಣ ಕಿಂಡಿಯಿಂದ ಹಿತ್ತಾಳೆಯ ಹೊಳಪು ಕಾಣುತ್ತದೆ, ಅಷ್ಟೆ.

ಇವುಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು ಎಕ್ಸ್‌ಟ್ರ್ಯಾಕ್ಟರನ್ನೇ ಸೂಚಕವಾಗಿ ಬಳಸುವ ವಿನ್ಯಾಸ. ಎಕ್ಸ್‌ಟ್ರ್ಯಾಕ್ಟರಿನ ಮೂಲ ಕೆಲಸ, ಸ್ಲೈಡ್ ಹಿಂದೆ ಸರಿಯುವಾಗ ಕಾಡತೂಸಿನ ಅಂಚನ್ನು ತನ್ನ ಕೊಕ್ಕೆಯಿಂದ ಹಿಡಿದು ಚೇಂಬರಿನಿಂದ ಹೊರಗೆ ಎಳೆಯುವುದು. ಕೊಕ್ಕೆ ಆ ಅಂಚನ್ನು ಅಪ್ಪಿಕೊಂಡಿರುವಾಗ ಅದರ ಮೈ ತುಸು ಹೊರಗೆ ಉಬ್ಬುತ್ತದೆ, ಆ ಉಬ್ಬೇ ಸೂಚನೆ. ಈಗ ಆ ಕೊಕ್ಕೆ ಮುರಿದಿದೆ ಎಂದುಕೊಳ್ಳಿ. ಸ್ಲೈಡ್ ಎಳೆದರೂ ಗುಂಡು ಹೊರಗೆ ಬರುವುದಿಲ್ಲ, ಚೇಂಬರಿನಲ್ಲಿಯೇ ಕುಳಿತಿರುತ್ತದೆ. ಅಂಚನ್ನು ಹಿಡಿಯಲು ಕೊಕ್ಕೆಯೇ ಇಲ್ಲದ ಕಾರಣ ಸೂಚಕವೂ ಮೈಯುಬ್ಬಿಸುವುದಿಲ್ಲ. ಗುಂಡನ್ನು ಹೊರಹಾಕಬೇಕಾದ ಭಾಗ ಮತ್ತು ಗುಂಡು ಇದೆ ಎಂದು ವರದಿ ಮಾಡಬೇಕಾದ ಭಾಗ ಎರಡೂ ಒಂದೇ ಆಗಿರುವುದರಿಂದ, ಎಚ್ಚರಿಕೆ ಅತ್ಯಗತ್ಯವಾದ ಆ ಕ್ಷಣದಲ್ಲಿಯೇ ಎರಡೂ ಒಟ್ಟಿಗೆ ಕೈಕೊಡುತ್ತವೆ. ಮ್ಯಾಗಝೀನ್ ತೆಗೆದಾಗಿದೆ, ಸ್ಲೈಡ್ ಎಳೆದಾಗಿದೆ, ಸೂಚಕ ಮಲಗಿದೆ. ಇಷ್ಟಾದ ಮೇಲೂ ಪಿಸ್ತೂಲು ತುಂಬಿಯೇ ಇದೆ. ಚೇಂಬರಿನೊಳಗೆ ಕಣ್ಣು ಹಾಯಿಸದವನಿಗೆ ಇದು ತಿಳಿಯುವ ದಾರಿಯೇ ಇಲ್ಲ.

ನೆತ್ತಿಯ ಮೇಲಿನ ಸನ್ನೆಪಟ್ಟಿಗೆ ಈ ದೋಷವಿಲ್ಲ, ಆದರೆ ಅದು ತನ್ನದೇ ಆದ ತೊಂದರೆಗಳನ್ನು ತರುತ್ತದೆ. ಪ್ರತಿ ಗುಂಡಿನೊಂದಿಗೆ ಮಸಿ ಮತ್ತು ಅರೆಸುಟ್ಟ ಮದ್ದಿನ ಕಣಗಳು ಹಿಂದಕ್ಕೆ ಚಿಮ್ಮುತ್ತವೆ, ಮತ್ತು ಸನ್ನೆಪಟ್ಟಿ ಕುಳಿತಿರುವ ಸೀಳು ಆ ಕಸ ಸೇರಿಕೊಳ್ಳಲು ಹೇಳಿಮಾಡಿಸಿದ ಜಾಗ. ಕಸ ಗಟ್ಟಿಯಾದ ಮೇಲೆ ಪಟ್ಟಿ ಎದ್ದಲ್ಲಿಯೇ ನಿಲ್ಲಬಹುದು ಅಥವಾ ಏಳದೆಯೇ ಹೋಗಬಹುದು. ಅದರ ಸ್ಪ್ರಿಂಗಾಗಲಿ ಸಣ್ಣ ಪಿನ್ನಾಗಲಿ ಮುರಿದರೆ ಬಿಡಿಭಾಗ ಒಳಗೆ ಸಿಕ್ಕಿಕೊಳ್ಳುವ ಸಂಭವವೂ ಇದೆ. ಇದಲ್ಲದೆ, ಪಟ್ಟಿಯ ಸ್ಪ್ರಿಂಗು ಕಾಡತೂಸಿನ ಬುಡದ ಮೇಲೆ ಸದಾ ಒಂದಿಷ್ಟು ಒತ್ತಡ ಹಾಕುತ್ತಿರುತ್ತದೆ. ಪಿಸ್ತೂಲು ಕೊಳೆಯಾಗಿ ಸ್ಲೈಡಿನ ವೇಗ ತಗ್ಗಿದಾಗ ಈ ಹೆಚ್ಚುವರಿ ಘರ್ಷಣೆಯೂ ಗುಂಡು ಸರಿಯಾಗಿ ಕೂರುವುದಕ್ಕೆ ಅಡ್ಡಿಯಾಗಬಲ್ಲದು. ರೂಗರ್ ತನ್ನ .22 ಬೋರಿನ ಮಾರ್ಕ್ 3 ಪಿಸ್ತೂಲಿನ ಎಡಮಗ್ಗುಲಿಗೆ ಇಂಥ ಸೂಚಕವನ್ನು ಸೇರಿಸಿತ್ತು. 2016ರಲ್ಲಿ ಬಂದ ಮಾರ್ಕ್ 4ರಲ್ಲಿ ಅದು ಇಲ್ಲ. .22 ಕಾಡತೂಸು ಎಷ್ಟು ಮಸಿ ಉಗುಳುತ್ತದೆಂದು ಬಲ್ಲವರಿಗೆ ಆ ಸೂಚಕದ ಅನುಪಸ್ಥಿತಿ ಕೊರತೆಯಾಗಿ ಕಾಣದು.

ಕಿಂಡಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಬೆಳಕಿಲ್ಲದಿದ್ದರೆ ಅದರಿಂದ ಏನೂ ಕಾಣುವುದಿಲ್ಲ, ಮತ್ತು ಹಾರಿಸಿಯಾದ ಖಾಲಿ ಕೋಶವೂ ಹೊಸ ಕಾಡತೂಸಿನಂತೆಯೇ ಅಲ್ಲಿ ಹೊಳೆಯುತ್ತದೆ.

ನಮ್ಮ ಕರಾವಳಿಯಲ್ಲಿ ಈ ದೋಷಗಳೆಲ್ಲ ಇನ್ನಷ್ಟು ಬೇಗ ತಲೆಯೆತ್ತುತ್ತವೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಗಾಳಿಯಲ್ಲಿ ಸದಾ ಉಪ್ಪಿನಂಶವಿರುವ ಊರುಗಳು ನಮ್ಮವು. ಆಷಾಢದಲ್ಲಿ ಕಿಟಕಿಯ ಚಿಲಕ ಹೇಗೆ ಹಿಡಿದುಕೊಳ್ಳುತ್ತದೆಯೋ, ಬೀರುವಿನಲ್ಲಿಟ್ಟ ಪಿಸ್ತೂಲಿನ ಸಣ್ಣ ಸ್ಪ್ರಿಂಗೂ ಹಾಗೆಯೇ ಹಿಡಿದುಕೊಳ್ಳುತ್ತದೆ. ಹಚ್ಚಿದ ಎಣ್ಣೆ ಕಾಲಕ್ರಮದಲ್ಲಿ ಜಿಗುಟಾಗಿ ಧೂಳನ್ನು ಸೆಳೆದುಕೊಳ್ಳುತ್ತದೆ. ಚುನಾವಣೆ ಬಂತೆಂದರೆ ಅನೇಕ ಪರವಾನಗಿದಾರರು ಆಯುಧವನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ಆ ವಾರಗಳುದ್ದಕ್ಕೂ ಅದನ್ನು ಬಿಚ್ಚಿ ಒರೆಸಲು ಮಾಲೀಕನಿಗೆ ಸಾಧ್ಯವಿಲ್ಲ, ಹೀಗಾಗಿ ಮರಳಿ ಕೈಗೆ ಬಂದಾಗ ಸೂಚಕ ಏನು ಹೇಳುತ್ತಿದೆ ಎಂಬುದಕ್ಕೆ ಯಾವ ಬೆಲೆಯೂ ಇರುವುದಿಲ್ಲ. ಆಯುಧಪೂಜೆಯ ದಿನದ ಬಗ್ಗೆಯೂ ಒಂದು ಮಾತು. ಕುಂಕುಮ, ಗಂಧ, ಅಕ್ಷತೆಯನ್ನು ಸ್ಲೈಡಿನ ಮೇಲೆಯೇ ಹಾಕುವ ಬದಲು ಕೆಳಗೆ ಹಾಸಿದ ಬಟ್ಟೆಗೆ ಅಥವಾ ಪಿಸ್ತೂಲಿನ ಚೀಲಕ್ಕೆ ಹಾಕಿದರೂ ಪೂಜೆಗೆ ಲೋಪವಿಲ್ಲ. ಕುಂಕುಮದ ನುಣುಪಾದ ಪುಡಿ ಸೂಚಕದ ಸೀಳಿಗೆ ಇಳಿದು ಎಣ್ಣೆಯೊಂದಿಗೆ ಬೆರೆತರೆ ಅದು ಸುಲಭವಾಗಿ ಹೊರಗೆ ಬರುವುದಿಲ್ಲ.

ಸೂಚಕದ ಪರವಾದ ವಾದವನ್ನು ನಾನು ತಳ್ಳಿಹಾಕುತ್ತಿಲ್ಲ. ಅಮೆರಿಕದ ಸಂಸತ್ತಿಗೆ ವರದಿ ಮಾಡುವ ಲೆಕ್ಕಪರಿಶೋಧನಾ ಕಚೇರಿಯು 1991ರಲ್ಲಿ, ಆಕಸ್ಮಿಕ ಗುಂಡೇಟಿನ ಸಾವುಗಳಲ್ಲಿ ಶೇ. 23ರಷ್ಟನ್ನು ಇಂಥ ಸೂಚಕದಿಂದ ತಡೆಯಬಹುದಿತ್ತೆಂದು ಅಂದಾಜಿಸಿತು. ಕ್ಯಾಲಿಫೋರ್ನಿಯಾ ರಾಜ್ಯವು 2007ರಿಂದ, ತನ್ನ ಅನುಮೋದಿತ ಪಟ್ಟಿಗೆ ಹೊಸದಾಗಿ ಸೇರುವ, ಕಾಡತೂಸಿನ ಬುಡದ ನಡುವೆ ಏಟು ಬೀಳುವ ಸೆಂಟರ್‌ಫೈರ್ ಪಿಸ್ತೂಲುಗಳಲ್ಲಿ ಸೂಚಕವನ್ನೂ, ಮ್ಯಾಗಝೀನ್ ತೆಗೆದರೆ ಗುಂಡು ಹಾರದಂತೆ ತಡೆಯುವ ವ್ಯವಸ್ಥೆಯನ್ನೂ ಕಡ್ಡಾಯ ಮಾಡಿತು. ಕೈಪಿಡಿ ಓದದ ವಯಸ್ಕನಿಗೂ ಸೂಚಕದ ಅರ್ಥ ತಿಳಿಯಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಆಯುಧದ ಪರಿಚಯವೇ ಇಲ್ಲದವನು ಅದನ್ನು ಕೈಗೆತ್ತಿಕೊಂಡಾಗ ಎದ್ದುನಿಂತ ಕೆಂಪು ಪಟ್ಟಿಯೊಂದು ಅವನನ್ನು ತಡೆದರೆ ಅದು ಖಂಡಿತ ದೊಡ್ಡ ಉಪಕಾರವೇ. ಆದರೆ ಆ ಉಪಕಾರ ಒಂದು ದಿಕ್ಕಿನದು ಮಾತ್ರ. ಸೂಚಕ ಎದ್ದಿದ್ದರೆ ಅದನ್ನು ನಂಬಿದವನಿಗೆ ನಷ್ಟವಿಲ್ಲ, ಏಕೆಂದರೆ ಪಿಸ್ತೂಲು ತುಂಬಿದೆ ಎಂದುಕೊಂಡೇ ಹಿಡಿಯುವುದು ಹೇಗೂ ನಿಯಮ. ಮಲಗಿದ್ದರೆ ನಂಬಿದವನು ಮಾತ್ರ ಅಪಾಯಕ್ಕೆ ಸಿಲುಕುತ್ತಾನೆ, ಮತ್ತು ಮೇಲೆ ಹೇಳಿದ ಮುರಿದ ಕೊಕ್ಕೆ, ಗಟ್ಟಿಯಾದ ಮಸಿ, ತುಕ್ಕು ಹಿಡಿದ ಸ್ಪ್ರಿಂಗ್ ಇವೆಲ್ಲವೂ ಸೂಚಕವನ್ನು ಮಲಗಿಸಿಯೇ ಇಡಬಲ್ಲವು. ಸ್ಲೈಡ್ ಎಳೆಯದೆ ಇರಲು ಜನರಿಗೆ ಬೇಕಾಗಿರುವ ನೆಪವೂ ಅದೇ.

ಹಾಗಾಗಿ ನಾನು ಹೇಳಿಕೊಡುವ ಕ್ರಮ ಹಳೆಯದೇ. ಬೆರಳು ಕುದುರೆಯಿಂದ ಹೊರಗಿರಲಿ, ನಳಿಗೆ ಯಾರ ಕಡೆಗೂ ತಿರುಗದಿರಲಿ. ಮೊದಲು ಮ್ಯಾಗಝೀನ್ ತೆಗೆಯಬೇಕು. ಅದನ್ನು ತೆಗೆಯುವ ಮೊದಲು ಸ್ಲೈಡ್ ಎಳೆದರೆ ಮುಂದಿನ ಗುಂಡು ಚೇಂಬರಿಗೆ ಏರುತ್ತದೆ. ಆಮೇಲೆ ಸ್ಲೈಡನ್ನು ಪೂರ್ತಿ ಹಿಂದಕ್ಕೆ ಎಳೆದು ನಿಲ್ಲಿಸಿ, ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ಖಚಿತಪಡಿಸಿಕೊಳ್ಳಬೇಕು. ಕರೆಂಟು ಹೋದ ಮಳೆಗಾಲದ ರಾತ್ರಿಯಲ್ಲಿ ಬೆರಳೇ ಕಣ್ಣು. ಪಿಸ್ತೂಲಿನಲ್ಲಿ ಸೂಚಕ ಇದ್ದರೆ, ಪಿಸ್ತೂಲು ಖಾಲಿಯೆಂದು ಹೀಗೆ ಖಚಿತವಾದ ಮೇಲೆ, ಮದ್ದಿಲ್ಲದ ಡಮ್ಮಿ ಕಾಡತೂಸನ್ನು ಮ್ಯಾಗಝೀನಿನ ಮೂಲಕ ಚೇಂಬರಿಗೆ ಏರಿಸಿ ಸೂಚಕ ಏಳುತ್ತದೆಯೇ, ತೆಗೆದಾಗ ಮಲಗುತ್ತದೆಯೇ ಎಂದು ಪ್ರತಿ ಶುಚಿಗೊಳಿಸುವಿಕೆಯ ನಂತರ ನೋಡಬೇಕು. ನಿಜವಾದ ಕಾಡತೂಸಿನಿಂದ ಮನೆಯೊಳಗೆ ಈ ಪರೀಕ್ಷೆ ಕೂಡದು. ಸೂಚಕ ಏಳದಿದ್ದರೆ ಅಥವಾ ಅರ್ಧಕ್ಕೇ ನಿಂತರೆ ಪಿಸ್ತೂಲನ್ನು ಪರವಾನಗಿ ಹೊಂದಿದ ಆಯುಧ ದುರಸ್ತಿಗಾರರ ಬಳಿಗೆ ಒಯ್ಯಬೇಕು, ಎಕ್ಸ್‌ಟ್ರ್ಯಾಕ್ಟರಿನ ಕೊಕ್ಕೆಯನ್ನೂ ಜೊತೆಗೇ ಪರೀಕ್ಷಿಸಲು ಹೇಳಬೇಕು.