ಎಷ್ಟು ಎಚ್‌ಪಿ?

ಏಪ್ರಿಲ್ 19, 2025, ಶನಿವಾರ
ತಿಪಟೂರು

ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ಅಷ್ಟರಲ್ಲಿ ಫೋನ್.

ಇದು ಸೋಮವಾರದ ಮಾತು. ಸುಟ್ಟ ಮೋಟರಿಗೆ ಮತ್ತೆ ವೈರು ಕಟ್ಟುವುದು ನನ್ನ ಕಸುಬು. ಬೋರ್‌ವೆಲ್ಲಿನೊಳಗೆ ಇಳಿಸುವ ಸಬ್‌ಮರ್ಸಿಬಲ್ ಮೋಟರಿಗೆ ವೈರು ಕಟ್ಟುವುದನ್ನು ನೋಡಿದವರಿಗೆ ನನ್ನ ಸಂಕಟ ಅರ್ಥವಾಗುತ್ತದೆ. ಮಾಮೂಲಿ ಮೋಟರ್ ಆದರೆ ಕಾಯಿಲನ್ನು ಮಷಿನ್ನಿನಲ್ಲಿ ಸುತ್ತಿ ತಂದು ಕೂರಿಸಬಹುದು. ಇದರಲ್ಲಿ ಹಾಗಾಗಲ್ಲ. ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ವೈರನ್ನು ಒಂದು ಸ್ಲಾಟಿನಲ್ಲಿ, ಅಂದರೆ ಮೋಟರಿನ ಒಳಗಿನ ಸಂದಿಯಲ್ಲಿ, ತೂರಿಸಿ, ಆ ಕಡೆಯಿಂದ ಎಳೆದು, ಇನ್ನೊಂದು ಸ್ಲಾಟಿನಲ್ಲಿ ವಾಪಸ್ ತರಬೇಕು. ಅದು ಒಂದು ಸುತ್ತು. ಮತ್ತೆ ತೂರಿಸು, ಮತ್ತೆ ಎಳೆ. ಬಾಯಲ್ಲಿ ಎಣಿಕೆ ನಡೀತಾನೇ ಇರಬೇಕು. ಒಂದು ಫೇಸಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಆದರೆ ಮೋಟರ್ ಕಾದು ಮತ್ತೆ ಸುಡುತ್ತದೆ. ಸುಟ್ಟರೆ ಬೋರಿನಿಂದ ಮತ್ತೆ ಎತ್ತಿಸಬೇಕು. ಎತ್ತಿಸಿದ ಖರ್ಚು ಯಾರದು ಅನ್ನುವುದು ಆಮೇಲಿನ ಜಗಳ.

ಎರಡೂ ಕೈಯಲ್ಲಿ ವೈರು ಇತ್ತು. ಬಗ್ಗಿ ನೋಡಿದೆ. ಹೊಸ ನಂಬರ್. ಏಪ್ರಿಲ್ ತಿಂಗಳಲ್ಲಿ ಹೊಸ ನಂಬರ್ ಅಂದರೆ ನನಗೆ ಅನ್ನ. ಬಿಡೋಕಾಗುತ್ತಾ? ಕಿರುಬೆರಳಲ್ಲಿ ಒತ್ತಿ, ಸ್ಪೀಕರ್ ಹಾಕಿದೆ.

"ಸಾರ್, ನಿಮ್ಮ ಬಿಸಿನೆಸ್‌ಗೆ ಹತ್ತು ಲಕ್ಷದವರೆಗೂ ಲೋನ್ ಪ್ರೀ-ಅಪ್ರೂವ್ ಆಗಿದೆ ಸಾರ್."

"ಬೇಡಮ್ಮ."

"ಯಾಕೆ ಸಾರ್ ಬೇಡ?"

ಬೇಡ ಅಂದರೆ ಬೇಡ. ಅದಕ್ಕೂ ಕಾರಣ ಕೊಡಬೇಕಾ? ಇಟ್ಟೆ. ಇಪ್ಪತ್ತೊಂದಾ, ಇಪ್ಪತ್ತೆರಡಾ? ನೆನಪಾಗಲಿಲ್ಲ. ಆ ಸ್ಲಾಟು ಪೂರ್ತಿ ಬಿಚ್ಚಿ ಮತ್ತೆ ಒಂದರಿಂದ ಶುರು ಮಾಡಿದೆ.

ಅವತ್ತು ಸಂಜೆಯೊಳಗೆ ಇಂಥವು ಇನ್ನೂ ನಾಲ್ಕು ಬಂದವು. ದೇವನಹಳ್ಳಿ ಹತ್ತಿರ ಸೈಟು ಅಂತ ಒಬ್ಬರು. ಹಿಂದಿಯಲ್ಲಿ ಏನೋ ಇನ್ಶೂರೆನ್ಸು ಅಂತ ಒಬ್ಬರು. ನಿಮ್ಮ ಅಂಗಡಿಯನ್ನು ಗೂಗಲ್‌ನಲ್ಲಿ ಮೇಲೆ ತರುತ್ತೇವೆ ಅಂತ ಇನ್ನೊಬ್ಬರು. ಕೊನೆಯದು ಮನುಷ್ಯರೇ ಅಲ್ಲ, ರೆಕಾರ್ಡ್ ಮಾಡಿದ ದನಿ. ಅದಕ್ಕೆ ಬೈದರೂ ಪ್ರಯೋಜನವಿಲ್ಲ. ಆದರೂ ಬೈದೆ.

ಇದಕ್ಕೆ ಎಲ್ಲರ ಹತ್ತಿರವೂ ಒಂದೇ ಔಷಧ ಇದೆ: "ಗೊತ್ತಿಲ್ಲದ ನಂಬರ್ ಎತ್ತಬೇಡಿ." ತಿಂಗಳ ಸಂಬಳದವರು ಹೇಳುವ ಮಾತು ಇದು. ನನ್ನ ಕಸುಬು ನಿಂತಿರುವುದೇ ಗೊತ್ತಿಲ್ಲದ ನಂಬರಿನ ಮೇಲೆ. ಯಾವುದೋ ತೋಟದಲ್ಲಿ, ಯಾರದೋ ಮೋಟರ್ ಸುಟ್ಟಿರುತ್ತದೆ. ಅವರು ಸ್ಟಾರ್ಟರ್ ಡಬ್ಬಿಯ ಮೇಲೆ ನಾನು ಅಂಟಿಸಿದ ಸ್ಟಿಕ್ಕರ್ ನೋಡಿ ಫೋನ್ ಮಾಡುತ್ತಾರೆ. ತಮ್ಮ ಫೋನಲ್ಲಿ ಕರೆನ್ಸಿ ಇಲ್ಲದಿದ್ದರೆ ಪಕ್ಕದ ತೋಟದವರ ಫೋನಿಂದ ಮಾಡುತ್ತಾರೆ. ತೋಟಕ್ಕೆ ತ್ರೀಫೇಸ್ ಕೊಡುವುದೇ ದಿನಕ್ಕೆ 7 ಗಂಟೆ. ಅದೂ ಪಾಳಿ ಮೇಲೆ, ಒಂದೊಂದು ವಾರ ರಾತ್ರಿ ಹೊತ್ತು. ಹಾಗಾಗಿ ನನಗೆ ಮಧ್ಯರಾತ್ರಿ ಬರುವ ಫೋನ್ ಕೂಡ ವ್ಯಾಪಾರವೇ.

ಯಾರ ಫೋನು ಅಂತ ತೋರಿಸುವ ಆ್ಯಪ್ ಒಂದನ್ನು ಹೋದ ವರ್ಷ ಹಾಕಿಕೊಂಡಿದ್ದೆ. ಅದು ನಮ್ಮ ಪರಿಚಯದ ಕೊಬ್ಬರಿ ದಲ್ಲಾಳಿಯ ನಂಬರನ್ನು ಕೆಂಪು ಬಣ್ಣದಲ್ಲಿ "ಸ್ಪ್ಯಾಮ್" ಅಂತ ತೋರಿಸಿತು. ಪಾಪ, ದಿನಕ್ಕೆ ಇನ್ನೂರು ಜನಕ್ಕೆ ರೇಟು ಕೇಳಿಕೊಂಡು ಫೋನ್ ಮಾಡುವ ಮನುಷ್ಯ. ಯಾರೋ ಸಿಟ್ಟಿಗೆ ಒತ್ತಿರಬೇಕು. ಆ್ಯಪ್ ತೆಗೆದು ಹಾಕಿದೆ.

ಮಂಗಳವಾರ, ಬುಧವಾರವೂ ಇದೇ ಕಥೆ. ಬುಧವಾರ ರಾತ್ರಿ ನಿರ್ಧಾರ ಮಾಡಿಬಿಟ್ಟೆ, ನಾಳೆ ವೈಂಡಿಂಗ್‌ಗೆ ಕೂತಾಗ ಹೊಸ ನಂಬರ್ ಎತ್ತಲ್ಲ ಅಂತ.

ಗುರುವಾರ ಕೆಲಸ ಏನೋ ಚೆನ್ನಾಗಿ ಸಾಗಿತು. ಊಟಕ್ಕೆ ಎದ್ದಾಗ ನೋಡಿದರೆ ಆರು ಮಿಸ್ಡ್ ಕಾಲ್. ಅದರಲ್ಲಿ ಮೂರು ಒಂದೇ ನಂಬರಿನವು. ವಾಪಸ್ ಮಾಡಿದೆ. ಮೊದಲು ಸೈಬರ್ ವಂಚನೆಯ ಎಚ್ಚರಿಕೆ ಕೇಳಿಸಿತು, ಅದು ಮುಗಿದ ಮೇಲೆ ರಿಂಗಾಯಿತು.

"ಏನಣ್ಣೋ, ಮೂರ್ ಸಲ ಮಾಡಿದ್ನಲ್ಲ, ಎತ್ಲೇ ಇಲ್ಲ? ಬೇರೇರು ಬಂದು ಬಿಚ್ಕೊಂಡ್ ಹೋದ್ರು ಬಿಡು."

ನೊಣವಿನಕೆರೆ ಕಡೆಯವರು. ಏಳೂವರೆ ಎಚ್‌ಪಿ ಮೋಟರ್. ಮೂರು ವರ್ಷದ ಹಿಂದೆ ಅದನ್ನು ಕಟ್ಟಿದ್ದೇ ನಾನು. ಅವರ ಮೇಲೆ ಸಿಟ್ಟು ಬರಲಿಲ್ಲ. ಈ ಬಿಸಿಲಲ್ಲಿ ತೆಂಗಿನ ಸಸಿ ಇಟ್ಟುಕೊಂಡು ನನಗಾಗಿ ಕಾಯುತ್ತಾ ಕೂರಲು ಅವರೇನು ನನ್ನ ನೆಂಟರಾ?

ರಾತ್ರಿ ಊಟಕ್ಕೆ ಕೂತಾಗ ಮಗಳ ಹತ್ತಿರ ಹೇಳಿಕೊಂಡೆ. ಅವಳು ಬಿಕಾಂ ಓದುತ್ತಾಳೆ, ಫೋನಿನ ವಿಷಯದಲ್ಲಿ ನಮ್ಮನೆಯ ಇಂಜಿನಿಯರ್.

"ಅಪ್ಪ, ನಿಂದು ಡಿಎನ್‌ಡಿ ಆಗಿದ್ಯಾ?"

ಆಗಿದೆ. ಡಿಎನ್‌ಡಿ ಅಂದರೆ ಜಾಹೀರಾತಿನ ಕಾಟ ಬೇಡ ಅಂತ ಬರೆಸುವುದು. 1909ಕ್ಕೆ 'ಸ್ಟಾರ್ಟ್ 0' ಅಂತ ಮೆಸೇಜ್ ಕಳಿಸಿ ಎಷ್ಟೋ ವರ್ಷವಾಯಿತು. ಸೊನ್ನೆ ಅಂದರೆ ಯಾವ ಜಾಹೀರಾತೂ ಬೇಡ ಅಂತ. ಬ್ಯಾಂಕು, ಸೈಟು, ಓದು, ಆರೋಗ್ಯ ಹೀಗೆ ಒಂದೊಂದಕ್ಕೆ ಒಂದೊಂದು ಅಂಕಿ ಇದೆ. ಬೇಕಾದ್ದನ್ನು ಉಳಿಸಿಕೊಂಡು ಬೇಡದ್ದನ್ನು ಮಾತ್ರ ನಿಲ್ಲಿಸಬಹುದು. ನನಗೆ ಉಳಿಸಿಕೊಳ್ಳುವಂಥದ್ದು ಯಾವುದೂ ಕಾಣಲಿಲ್ಲ.

ಅದರಿಂದ ಏನೂ ಆಗಿಲ್ಲ ಅಂತ ಹೇಳಲಾರೆ. 140ರಿಂದ ಶುರುವಾಗುವ ನಂಬರುಗಳ ಕಾಟ ಕಡಿಮೆಯಾಗಿದೆ. ಅವು ಟೆಲಿಕಾಂ ಕಂಪನಿಗಳ ಹತ್ತಿರ ಹೆಸರು ಬರೆಸಿಕೊಂಡ ಜಾಹೀರಾತು ಕಂಪನಿಗಳಿಗೆ ಅಂತಲೇ ಇರುವ ನಂಬರು. ಅಪ್ಪಿತಪ್ಪಿ ಬಂದರೂ ನೋಡಿದ ಕೂಡಲೇ ಗೊತ್ತಾಗುತ್ತದೆ, ಯಾವ ರೈತನ ನಂಬರೂ 140ರಿಂದ ಶುರುವಾಗಲ್ಲ. ಬ್ಯಾಂಕಿನವರು ನಮ್ಮ ಖಾತೆ ವಿಚಾರಕ್ಕೆ ಮಾಡುವ ಫೋನುಗಳು 1600ರಿಂದ ಬರಬೇಕು ಅಂತ ಈಗ ನಿಯಮ ಆಗಿದೆಯಂತೆ. ಒಳ್ಳೆಯದೇ. ನನ್ನ ತಲೆನೋವು ಇವೆರಡೂ ಅಲ್ಲ. ನನಗೂ ನಿಮಗೂ ಇರುವಂಥದ್ದೇ ಹತ್ತು ಅಂಕಿಯ ಸಾದಾ ಸಿಮ್ ಹಾಕಿಕೊಂಡು ಮಾಡುತ್ತಾರಲ್ಲ, ಅವರು. ಹೆಸರೇ ಬರೆಸದವನಿಗೆ ನನ್ನ ಡಿಎನ್‌ಡಿ ಯಾವ ಲೆಕ್ಕ? ಗದ್ದೆಗೆ ಬೇಲಿ ಹಾಕಿದರೆ ದನ ನಿಲ್ಲುತ್ತದೆ, ಇಲಿ ನಿಲ್ಲುತ್ತದಾ?

"ಅವರ ಮೇಲೆ ಕಂಪ್ಲೇಂಟ್ ಕೊಡ್ಬೇಕಪ್ಪ. ಸುಮ್ನೆ ಬ್ಲಾಕ್ ಮಾಡಿದ್ರೆ ನಿಂಗೊಬ್ಬನಿಗೆ ನಿಲ್ಲುತ್ತೆ ಅಷ್ಟೆ."

ಕೊಡುವುದು ಕಷ್ಟವೇನಲ್ಲ. ಯಾವ ನಂಬರಿಂದ ಬಂತು, ಯಾವ ತಾರೀಕು, ಏನು ಮಾರುತ್ತಿದ್ದರು, ಇಷ್ಟನ್ನು 1909ಕ್ಕೆ ಮೆಸೇಜ್ ಮಾಡಬೇಕು. ಅದೇ ನಂಬರಿಗೆ ಫೋನ್ ಮಾಡಿಯೂ ಹೇಳಬಹುದು. ಟ್ರಾಯ್, ಅಂದರೆ ಫೋನ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ, ಅವರ ಡಿಎನ್‌ಡಿ ಆ್ಯಪ್ ಕೂಡ ಇದೆ. ಮುಂಚೆ 3 ದಿನದೊಳಗೆ ದೂರು ಕೊಡಬೇಕಿತ್ತು. 2025ರ ಫೆಬ್ರವರಿಯಲ್ಲಿ ನಿಯಮ ಬದಲಾಯಿಸಿ 7 ದಿನ ಮಾಡಿದ್ದಾರೆ. ಸೋಮವಾರದ ಲೋನ್ ಹುಡುಗಿಯ ನಂಬರಿಗೆ ಇನ್ನೂ ಟೈಮ್ ಇತ್ತು. ಮಗಳು ಆ್ಯಪ್ ಹಾಕಿ ಕಳಿಸಿದಳು. ದೂರಿನ ನಂಬರ್ ಬಂತು.

ಆಮೇಲೆ ಅವಳೇ ಓದಿ ಹೇಳಿದ್ದು: ಒಂದು ನಂಬರಿನ ಮೇಲೆ 10 ದಿನದಲ್ಲಿ 5 ದೂರು ಬಂದರೆ ಕ್ರಮ. ಮುಂಚೆ 7 ದಿನದಲ್ಲಿ 10 ಬೇಕಿತ್ತಂತೆ. ಮೊದಲ ಸಲ ಸಿಕ್ಕಿಬಿದ್ದರೆ 15 ದಿನ ಅಲ್ಲಿಂದ ಫೋನ್ ಹೋಗದ ಹಾಗೆ ಮಾಡುತ್ತಾರೆ. ಮತ್ತೆ ಮಾಡಿದರೆ ಒಂದು ವರ್ಷ ಎಲ್ಲ ಕನೆಕ್ಷನ್ನೂ ಬಂದ್. ಹದಿನೈದು ದಿನ ನನ್ನ ಫೋನ್ ಬಂದ್ ಆದರೆ ನಾನು ಅಂಗಡಿ ಮುಚ್ಚಬೇಕು. ಅವರು ಬಹುಶಃ ಇನ್ನೊಂದು ಸಿಮ್ ಹಾಕುತ್ತಾರೆ. ಇರಲಿ, ಐದು ಅಂದರಲ್ಲ, ಆ ಐದು ನನ್ನ ತಲೆಯಲ್ಲಿ ಕೂತಿತು.

ಶುಕ್ರವಾರ ಬೆಳಿಗ್ಗೆ ಟೀ ಅಂಗಡಿಯಲ್ಲಿ ವಿಷಯ ತೆಗೆದೆ. ಎಲ್ಲರೂ ಫೋನ್ ಈಚೆಗೆ ತೆಗೆದರು. ನೋಡಿದರೆ ಅದೇ ನಂಬರ್! ಟೈರ್ ಅಂಗಡಿಯವರಿಗೆ ಸೋಮವಾರ ಬಂದಿದೆ. ಗೊಬ್ಬರದ ಅಂಗಡಿಗೆ ಮಂಗಳವಾರ. ಪಾತ್ರೆ ಅಂಗಡಿಯವರಿಗೆ ಎರಡು ಸಲ. ನಮ್ಮ ಸಾಲಿನ ಅಂಗಡಿಗಳನ್ನು ಒಂದು ಕಡೆಯಿಂದ ಹಿಡಿದುಕೊಂಡು ಬಂದಿದ್ದಾರೆ. ಯಾವ ಪಟ್ಟಿ ಅಂತ ಯೋಚಿಸಿದಾಗ ನೆನಪಾಯಿತು. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಬಂದು, ಊರಿನ ಅಂಗಡಿಗಳನ್ನೆಲ್ಲ ವೆಬ್‌ಸೈಟಿನಲ್ಲಿ ಹಾಕುತ್ತೇವೆ, ಫ್ರೀ ಅಂತ ಹೆಸರು, ನಂಬರ್ ಬರೆದುಕೊಂಡು ಹೋಗಿದ್ದ. ಫ್ರೀ ಅಂದಾಗಲೇ ನಾವು ಕೇಳಬೇಕಿತ್ತು.

ಗೊಬ್ಬರದ ಅಂಗಡಿಯವರು ಇನ್ನೊಂದು ಹೇಳಿದರು. ಅವರ ಹತ್ತಿರ ಬರುವ ರೈತರಿಗೆ, ಸೋಲಾರ್ ಪಂಪು ಮಂಜೂರಾಗಿದೆ, ಪಿಎಂ ಕುಸುಮ್ ಯೋಜನೆ, ಮೊದಲು ರಿಜಿಸ್ಟ್ರೇಷನ್ ಫೀಸು ಕಟ್ಟಿ ಅಂತ ಫೋನ್ ಬರುತ್ತಿದೆಯಂತೆ. ನನ್ನ ಹತ್ತಿರವೂ ಇಬ್ಬರು ಬಂದು ಇದನ್ನೇ ಕೇಳಿದ್ದರು. ಯೋಜನೆ ನಿಜ, 2019ರಲ್ಲಿ ಶುರುವಾದದ್ದು. ಅದರ ಹೆಸರಲ್ಲಿ ನಕಲಿ ವೆಬ್‌ಸೈಟುಗಳಿವೆ, ದುಡ್ಡು ಕಟ್ಟಬೇಡಿ ಅಂತ ಕೇಂದ್ರದ ಇಲಾಖೆಯೇ ಎಚ್ಚರಿಸಿದೆ. ಇದು ಬರೀ ಕಿರಿಕಿರಿಯಲ್ಲ, ಮೋಸ. ಇದಕ್ಕೆ 1909 ಸಾಲದು. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ 'ಚಕ್ಷು' ಅಂತ ಇದೆ, ಅಲ್ಲಿ ಹಾಕಬೇಕು. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಈ ಎರಡನ್ನೂ ಒಂದು ರಟ್ಟಿನ ಮೇಲೆ ಬರೆದು ಅಂಗಡಿ ಮುಂದೆ ತೂಗು ಹಾಕಿದ್ದೇನೆ. ಮೋಟರ್ ತರುವವರು ಕಾಯುತ್ತಾ ಕೂತಾಗ ಓದಲಿ.

ಟೀ ಕುಡಿದು ಮುಗಿಯುವುದರೊಳಗೆ ಮೂವರೂ ದೂರು ಕಳಿಸಿದರು. ನನ್ನದು ಸೇರಿ ನಾಲ್ಕು. ಇನ್ನೊಂದು ಬೇಕು. ಬೇಕರಿಯವರಿಗೂ ಫೋನ್ ಬಂದಿತ್ತಂತೆ, ಆದರೆ ನಂಬರನ್ನು ಅಳಿಸಿ ಹಾಕಿದ್ದರು, ಅದೇನಾ ಅಂತ ಖಾತ್ರಿಯಿಲ್ಲ. ಬಾರದ ಫೋನಿಗೆ ದೂರು ಕೊಡಿಸುವುದು ಸರಿಯಲ್ಲ ಅಲ್ವಾ? ಆಗ ಟೀ ಅಂಗಡಿಯವನೇ ನಕ್ಕ.

"ಆ ನಂಬರು ನಂಗೂ ಬಂದೈತಣ್ಣ."

"ಹಂಗಾದ್ರೆ ಕೊಡಯ್ಯ ಫೋನು, ಕಳ್ಸಾನ."

"ನಾನ್ ಕೊಡಕಿಲ್ಲ. ನಿಮ್ಗೆ ಬ್ಯಾಡ, ನಂಗೆ ಬೇಕಲ್ಲ ಲೋನು? ಬ್ಯಾಂಕಿಗೋದ್ರೆ ನನ್ನ ಕೂತ್ಕಂಡ್ ಮಾತಾಡು ಅನ್ನಾರಿಲ್ಲ. ಆಯಮ್ಮ ಮಾತ್ಗೊಂದ್ ಸಾರ್ ಅಂತದೆ."

ಏನು ಹೇಳುವುದು? ನಾವು ನಾಲ್ಕು ಜನವೂ ಗ್ಲಾಸು ಹಿಡಿದುಕೊಂಡು ಸುಮ್ಮನೆ ನಿಂತೆವು. ಮೊದಲೇ ಫೀಸು ಕೇಳಿದರೆ ಕೊಡಬೇಡ, ಓಟಿಪಿ ಹೇಳಬೇಡ ಅಂತ ಮಾತ್ರ ಹೇಳಿ ಬಂದೆವು. ನಾಲ್ಕಕ್ಕೇ ನಿಂತಿದೆ.

ನನ್ನ ಗಿರಾಕಿ ಸಮಸ್ಯೆ ಹಾಗೇ ಉಳಿಯಿತಲ್ಲ, ಅದಕ್ಕೆ ನಾನೇ ಒಂದು ಉಪಾಯ ಮಾಡಿದೆ. ಹೊಸ ನಂಬರ್ ಬಂದರೆ "ಹಲೋ" ಅನ್ನುವುದಿಲ್ಲ. "ಎಷ್ಟು ಎಚ್‌ಪಿ?" ಅಂತಲೇ ಶುರು. ರೈತರಾದರೆ "ಐದು ಕಣಣ್ಣ, ಸ್ಟಾರ್ಟರ್ ಹಿಡೀತಿಲ್ಲ" ಅಂತ ನೇರ ವಿಷಯಕ್ಕೆ ಬರುತ್ತಾರೆ. ಮಾರುವವರಾದರೆ ಒಂದು ಗಳಿಗೆ ತಡವರಿಸುತ್ತಾರೆ. ಆ ಒಂದು ಗಳಿಗೆ ಸಾಕು, ಇಟ್ಟುಬಿಡುತ್ತೇನೆ. ಎಣಿಕೆಯೂ ತಪ್ಪಲ್ಲ. ನಿನ್ನೆ ಸಂಜೆ ನಮ್ಮ ಅತ್ತೆ ಯಾರದೋ ಫೋನಿಂದ ಮಾಡಿದ್ದರು. ಎಷ್ಟು ಎಚ್‌ಪಿ ಅಂತ ಕೇಳಿದೆ. ಅವರು ಮಾತಾಡದೆ ಇದ್ದದ್ದಕ್ಕೆ ಇಟ್ಟುಬಿಟ್ಟೆ. ಆಮೇಲೆ ಮನೆಯಲ್ಲಿ ನನಗೆ ಏನಾಯಿತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಮಗಳು ನಕ್ಕೂ ನಕ್ಕೂ ಕೊನೆಗೆ ಒಂದು ಮಾತು ಹೇಳಿದಳು. "ನೀನೂ ಇದನ್ನೇ ಮಾಡ್ತಿದ್ಯಲ್ಲಪ್ಪ ಆಗ."

ಹೌದು, ಮಾಡುತ್ತಿದ್ದೆ. ಪ್ರತಿ ಆಯುಧಪೂಜೆಗೆ ಫೋನಲ್ಲಿದ್ದ ಎಲ್ಲ ನಂಬರಿಗೂ ಎಸ್ಸೆಮ್ಮೆಸ್. ಹಬ್ಬದ ಶುಭಾಶಯ, ಕೆಳಗೆ ಅಂಗಡಿ ಹೆಸರು, ಮೋಟರ್ ಸರ್ವಿಸ್ ಮಾಡಿಸಿಕೊಳ್ಳಿ ಅಂತ ಒಂದು ಸಾಲು. 2011ರ ಸೆಪ್ಟೆಂಬರ್ ಕೊನೆಗೆ ಟ್ರಾಯ್‌ನವರು ಒಂದು ಸಿಮ್ಮಿಗೆ ದಿನಕ್ಕೆ 100 ಎಸ್ಸೆಮ್ಮೆಸ್ ಅಂತ ಮಿತಿ ಹಾಕಿದರು, ಇದೇ ಜಾಹೀರಾತು ಕಾಟ ತಡೆಯಲು. ಮುಂದಿನ ವಾರವೇ ಆಯುಧಪೂಜೆ. ನೂರಕ್ಕೆ ನಿಂತುಹೋಯಿತು. ನಾನು ಅವತ್ತು ಟ್ರಾಯ್‌ನವರಿಗೆ ಬೈದದ್ದು ಈಗಲೂ ನೆನಪಿದೆ. ಯಾರ ಊಟದ ಹೊತ್ತಿಗೆ, ಯಾರ ಹಾಲು ಕರೆಯುವ ಹೊತ್ತಿಗೆ ನನ್ನ ಮೆಸೇಜ್ ಕುಂಯ್ ಅಂದಿತೋ, ಒಂದು ಸಲವೂ ಯೋಚಿಸಿರಲಿಲ್ಲ.

ಇವತ್ತು ಸಂಜೆ ನೊಣವಿನಕೆರೆ ಕಡೆಯಿಂದಲೇ ಬೇರೆ ಯಾರೋ ಕರೆದರು. ಐದು ಎಚ್‌ಪಿ, ಪ್ಯಾನಲ್ ಬೋರ್ಡಿನ ತೊಂದರೆ. ಒಂದು ಫೇಸು ಹೋಗಿತ್ತು, ಪುಣ್ಯಕ್ಕೆ ಮೋಟರ್ ಸುಟ್ಟಿರಲಿಲ್ಲ. ಅರ್ಧ ಗಂಟೆ ಕೆಲಸ. ವಾಪಸ್ ಬರುವಾಗ ಬದುವಿನ ಮೇಲೆ ನಡೆದುಕೊಂಡು ಪಕ್ಕದ ತೋಟ ದಾಟಬೇಕು. ಗುರುವಾರ ನಾನು ಫೋನ್ ಎತ್ತದೆ ಕಳೆದುಕೊಂಡ ತೋಟ ಅದು. ಕಂಬದಲ್ಲಿದ್ದ ಸ್ಟಾರ್ಟರ್ ಡಬ್ಬಿ ಕಡೆ ಕಣ್ಣು ಹೋಯಿತು. ನನ್ನ ಸ್ಟಿಕ್ಕರಿನ ಮೇಲೆ ಸರಿಯಾಗಿ ಇನ್ನೊಬ್ಬರ ಸ್ಟಿಕ್ಕರ್. ಹೊಸದು, ಹಳದಿ ಬಣ್ಣ. ಅಡಿಯಿಂದ ನನ್ನ ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಕಾಣುತ್ತಿತ್ತು.

ತೋಟದವರು ಮಡಿಯಲ್ಲಿ ನೀರು ತಿರುಗಿಸುತ್ತಿದ್ದರು. "ಒಂದು ಅಂಟಿಸ್ಲಾ ಗೌಡ್ರೇ?" ಅಂತ ಕೇಳಿದೆ. "ಅಂಟ್ಸಪ್ಪ, ಅದ್ಕೇನು" ಅಂದರು. ಅವರದರ ಮೇಲೆ ಹಾಕಲಿಲ್ಲ. ಪಕ್ಕದಲ್ಲಿ ಬೆರಳಷ್ಟು ಜಾಗ ಇತ್ತು, ಅಡ್ಡ ಮಾಡಿ ಅಂಟಿಸಿದೆ. ಹೆಬ್ಬೆರಳಲ್ಲಿ ಉಜ್ಜುತ್ತಿರುವಾಗ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

"ಎಷ್ಟು ಎಚ್‌ಪಿ?"

"ಸಾರ್, ನಿಮ್ಮ ಬಿಸಿನೆಸ್‌ಗೆ..."

ಬೇರೆ ನಂಬರ್. ದನಿ ಅದೇ.