ಫುಟ್‌ಪಾತ್ ಕೌನ್ಸಿಲಿನದು, ಸೈಕಲ್ ಯಾರದು?

ಅಮ್ಮ ಮೈಸೂರಿನಿಂದ ಲಂಡನ್ನಿಗೆ ಬಂದಿಳಿದ ಮೂರನೇ ದಿನ. ಅವಳ ಮಂಡಿನೋವಿಗೆ ತಕ್ಕಂತೆ ಮೆಲ್ಲಗೆ ನಡೆಸಿಕೊಂಡು ತರಕಾರಿ ಅಂಗಡಿಗೆ ಹೊರಟಿದ್ದೆ. ಅವತ್ತು ಕಸದ ಲಾರಿ ಬರುವ ದಿನ. ಮನೆಮನೆಯ ಮುಂದಿನ ಕಸದ ಡಬ್ಬಿಗಳು ಫುಟ್‌ಪಾತಿನ ಅರ್ಧ ತಿಂದಿದ್ದವು, ಉಳಿದರ್ಧಕ್ಕೆ ಅಡ್ಡಲಾಗಿ ಒಂದು ಇ-ಬೈಕು, ಅಂದರೆ ಆ್ಯಪಿನಲ್ಲಿ ಬಾಡಿಗೆ ಹಿಡಿದು ಎಲ್ಲೆಂದರಲ್ಲಿ ಬಿಟ್ಟುಹೋಗುವ ವಿದ್ಯುತ್ ಸೈಕಲ್ಲು, ಬಿದ್ದಿತ್ತು. ಬದಿಗಿಡೋಣ ಎಂದು ಹ್ಯಾಂಡಲ್ ಹಿಡಿದೆ. ಮೋಟಾರು, ಬ್ಯಾಟರಿ ಸೇರಿ ಮೂವತ್ತು ಕಿಲೋ ದಾಟುವ ಗಾಡಿ, ಚಕ್ರಕ್ಕೆ ಬೀಗ ಬೇರೆ. ಅರ್ಧ ಎತ್ತುವಷ್ಟರಲ್ಲಿ ಪೀಂ ಪೀಂ ಎಂದು ಬಡಿದುಕೊಳ್ಳತೊಡಗಿತು.

"ಬಿಡೇ ಅತ್ಲಾಗೆ, ಕಳ್ರು ಅಂದ್ಕೊಂಡಾರು," ಎಂದಳು ಅಮ್ಮ. ಇಬ್ಬರೂ ರಸ್ತೆಗಿಳಿದು, ಒಂದು ಬಸ್ಸಿಗೆ ದಾರಿ ಬಿಟ್ಟು, ಸುತ್ತು ಹಾಕಿ ಹೋದೆವು. ಆಚೆ ದಾಟಿದ ಮೇಲೆ ಅವಳ ಪ್ರಶ್ನೆ: "ಇವರಿಗೆ ಕಾರ್ಪೊರೇಷನ್ ಇಲ್ವಾ?"

ಇದೆ. ಒಂದಲ್ಲ, ಲಂಡನ್ನಿಗೆ 32 ಬರೋಗಳು, ಅಂದರೆ ಆಡಳಿತ ವಿಭಾಗಗಳು, ಜೊತೆಗೆ ನಗರದ ನಡುವಿನ ಪುಟ್ಟ ವಿಭಾಗವಾದ ಸಿಟಿ ಆಫ್ ಲಂಡನ್. ಒಂದೊಂದಕ್ಕೂ ತನ್ನದೇ ಕೌನ್ಸಿಲ್. ಕಸ, ಪಾರ್ಕು, ಒಳರಸ್ತೆ, ಫುಟ್‌ಪಾತ್ ಎಲ್ಲ ಅವರ ಪಾಲಿನವೇ. ಅಲ್ಲಿ ಬಿದ್ದಿರುವ ಸೈಕಲ್ ಮಾತ್ರ ಅವರ ಹಿಡಿತಕ್ಕೆ ಸಿಗುವುದಿಲ್ಲ. 250 ವ್ಯಾಟಿನ ಮೋಟಾರು, ಗಂಟೆಗೆ 25 ಕಿಲೋಮೀಟರ್ ಮುಟ್ಟಿದರೆ ಮೋಟಾರಿನ ನೆರವು ಬಂದ್: ಇಷ್ಟಿದ್ದರೆ ಇಲ್ಲಿನ ಕಾನೂನಿನ ಕಣ್ಣಿಗೆ ಅದೂ ಸಾದಾ ಸೈಕಲ್ಲೇ. ಸೈಕಲ್ ಬಾಡಿಗೆಗೆ ಬಿಡಲು ಯಾರ ಲೈಸೆನ್ಸೂ ಬೇಡ. ಅದೇ ನಿಂತುಕೊಂಡು ಓಡಿಸುವ ಬಾಡಿಗೆ ಇ-ಸ್ಕೂಟರಿನ ಕಥೆ ನೋಡಿ. 2021ರ ಜೂನಿನಲ್ಲಿ ಲಂಡನ್ನಿನಲ್ಲಿ ಸರ್ಕಾರದ ಪ್ರಯೋಗವಾಗಿ ಶುರುವಾದದ್ದು. ಆ ಪ್ರಯೋಗದ ಹೊರಗೆ ರಸ್ತೆಗಿಳಿಸುವುದೇ ಅಪರಾಧ, ಹಾಗಾಗಿ ಕಂಪನಿಗಳು ಒಪ್ಪಂದಕ್ಕೆ ಕೈಕಟ್ಟಿ ನಿಂತವು, ನಿಲ್ಲಿಸುವುದು ಗುರುತು ಮಾಡಿದ ಜಾಗದಲ್ಲೇ. ಕಾನೂನಿನಲ್ಲಿ ತಪ್ಪಾಗಿದ್ದದ್ದು ಶಿಸ್ತಿಗೆ ಬಂತು, ಸರಿಯಾಗಿದ್ದದ್ದು ಫುಟ್‌ಪಾತಿನಲ್ಲಿ ಮಲಗಿತು. ಇದನ್ನು ವಿವರಿಸಿದರೆ ಅಮ್ಮ ನಂಬಲೇ ಇಲ್ಲ.

ಹಾಗೆಂದು ಕೌನ್ಸಿಲುಗಳು ಕೈಕಟ್ಟಿ ಕೂತಿಲ್ಲ. ಹೆದ್ದಾರಿ ಕಾಯ್ದೆಯ ಪ್ರಕಾರ ದಾರಿಗೆ ಅಡ್ಡ ಬಿದ್ದದ್ದನ್ನು ಎತ್ತಿಕೊಂಡು ಹೋಗಬಹುದು. 2017ರಲ್ಲಿ ವಾಂಡ್ಸ್‌ವರ್ತ್ ಕೌನ್ಸಿಲ್ ಹೀಗೆಯೇ ಓಬೈಕ್ ಕಂಪನಿಯ ಹಳದಿ ಬಣ್ಣದ ಬಾಡಿಗೆ ಸೈಕಲ್ಲುಗಳನ್ನು ಲಾರಿಗೆ ತುಂಬಿತ್ತು. ಇನ್ನೊಂದು ಅಸ್ತ್ರ, "ನಮ್ಮ ಬರೋದಿಂದ ಹೊರಡಿ" ಎನ್ನುವುದು. 2024ರ ಸೆಪ್ಟೆಂಬರಿನಲ್ಲಿ ಬ್ರೆಂಟ್ ಕೌನ್ಸಿಲ್ ಇ-ಬೈಕು ಬಾಡಿಗೆಗೆ ಬಿಡುವ ಲೈಮ್ ಕಂಪನಿಗೆ ಅಕ್ಟೋಬರ್ ಕೊನೆಯ ಗಡುವು ಕೊಟ್ಟಿತು. ಗಡುವಿನೊಳಗೆ ಮಾತುಕತೆಯಾಗಿ, ನಿಗದಿತ ಜಾಗದಲ್ಲೇ ನಿಲುಗಡೆಯಂಥ ಷರತ್ತುಗಳಿಗೆ ಒಪ್ಪಿ ಕಂಪನಿ ಉಳಿದುಕೊಂಡಿತು. ಕಾಯ್ದೆಯ ಬಲ ಹೆಚ್ಚಿಲ್ಲದಿದ್ದರೂ ಗದರಿಕೆ ಕೆಲಸ ಮಾಡಿತು.

ಗದರಿಕೆಗೊಂದು ಅಡ್ಡಪರಿಣಾಮವೂ ಇದೆ. ಪ್ರತಿ ಬರೋ ತನಗೆ ಬೇಕಾದ ಕಂಪನಿಯೊಂದಿಗೆ ಬೇರೆ ಬೇರೆ ಒಪ್ಪಂದ ಮಾಡಿಕೊಳ್ಳುತ್ತದೆ. 2025ರಲ್ಲಿ ಹೌನ್ಸ್ಲೋ ಕೌನ್ಸಿಲ್ ಲೈಮನ್ನು ಬಿಟ್ಟು ವೋಯ್, ಫಾರೆಸ್ಟ್ ಎಂಬ ಎರಡು ಕಂಪನಿಗಳನ್ನು ಆರಿಸಿಕೊಂಡಿತು. ಸೈಕಲ್ ಸವಾರನಿಗೆ ಬರೋದ ಗಡಿ ಎಲ್ಲಿ ಎಂದು ಹೇಗೆ ಗೊತ್ತಾಗಬೇಕು? ನನಗೆ ಗೊತ್ತಾದದ್ದು ಒಂದು ಏರಿನ ನಡುವೆ. ಇದ್ದಕ್ಕಿದ್ದಂತೆ ಮೋಟಾರು ನಿಂತಿತು. ಗಾಡಿ ಕೆಟ್ಟಿತೆಂದುಕೊಂಡು ಇಳಿದು ಬಾಡಿಗೆ ಮುಗಿಸಲು ನೋಡಿದರೆ ಆ್ಯಪ್ ಒಪ್ಪದು, ನೀವು ಸೇವಾ ವಲಯದ ಹೊರಗಿದ್ದೀರಿ ಅನ್ನುತ್ತದೆ. ಅತ್ತ ಕಡೆಯ ಮನೆಗೂ ಇತ್ತ ಕಡೆಯ ಮನೆಗೂ ಒಂದೇ ಇಟ್ಟಿಗೆ, ಒಂದೇ ಬಣ್ಣದ ಬಾಗಿಲು. ನಿಮಿಷದ ಬಾಡಿಗೆ ಏರುತ್ತಿರುವಾಗ ಗಾಡಿಯನ್ನು ತಳ್ಳಿಕೊಂಡು ವಾಪಸು ಬಂದೆ.

ನಮ್ಮ ಮೈಸೂರಿನ ಬಾಡಿಗೆ ಸೈಕಲ್ ವ್ಯವಸ್ಥೆ ಟ್ರಿಣ್ ಟ್ರಿಣ್ ನೆನಪಾಯಿತು. 2017ರಲ್ಲಿ 450 ಸೈಕಲ್ಲುಗಳೊಂದಿಗೆ ಶುರುವಾದದ್ದು. ಕಾರ್ಡು ತೋರಿಸಿ ಒಂದು ನಿಲ್ದಾಣದಲ್ಲಿ ತೆಗೆದುಕೋ, ಇನ್ನೊಂದು ನಿಲ್ದಾಣದ ಕಂಬಕ್ಕೆ ಸಿಕ್ಕಿಸು. ಆಗ ಕಂಬಕ್ಕೆ ಸಿಕ್ಕಿಸದೆ ಸವಾರಿ ಮುಗಿಯುತ್ತಿರಲಿಲ್ಲ, ಹಾಗಾಗಿ ಎಲ್ಲೆಂದರಲ್ಲಿ ಬಿಟ್ಟುಹೋಗುವ ಆಸೆಯೇ ಹುಟ್ಟುತ್ತಿರಲಿಲ್ಲ. ಲಂಡನ್ನಿಗೂ ಅಂಥದ್ದು 2010ರಿಂದ ಇದೆ, 2022ರಿಂದ ಅದರಲ್ಲೂ ಇ-ಬೈಕುಗಳಿವೆ. ಆದರೆ ಕಂಬ ನೆಡಲು ದುಡ್ಡು ಬೇಕು, ಜಾಗ ಬೇಕು. ಅದು ನಗರದ ಒಳಭಾಗ ಬಿಟ್ಟು ನಮ್ಮಂಥ ಹೊರವಲಯದವರ ತನಕ ಬಂದೇ ಇಲ್ಲ.

ಕಂಬವಿಲ್ಲದೆ ಕಂಬದ ಶಿಸ್ತು ತರಲು ಈಗ ಬಣ್ಣ ಬಳಿಯುತ್ತಿದ್ದಾರೆ. ನಮ್ಮ ಔಷಧದಂಗಡಿಯ ಮುಂದೆ ಒಂದು ಕಾರು ನಿಲ್ಲುತ್ತಿದ್ದ ಜಾಗಕ್ಕೆ ಬಿಳಿ ಚೌಕ ಎಳೆದು, ಸೈಕಲ್ಲಿನ ಚಿತ್ರ ಬರೆದು, ತುದಿಗೆರಡು ಗೂಟ ಹುಗಿದರು. ಎಂಟು ಹತ್ತು ಸೈಕಲ್ ಹಿಡಿಯುತ್ತದೆ. ಚೌಕದೊಳಗೆ ನಿಲ್ಲಿಸಿ ಫೋಟೊ ಕಳಿಸಿದರೆ ಮಾತ್ರ ಬಾಡಿಗೆ ಮುಗಿಯುತ್ತದೆ. ಪಕ್ಕದ ಮನೆಯ ಗುಜರಾತಿ ಅಂಕಲ್‌ಗೆ ಕೋಪ: "ನನ್ನ ಕಾರು ಎಲ್ಲಿ ಹೋಗಬೇಕಮ್ಮ?" ನನಗೆ ಅವರ ಬಗ್ಗೆ ಕನಿಕರವೇನೂ ಹುಟ್ಟಲಿಲ್ಲ. ಜಾಗ ಕೊಡುವುದಾದರೆ ಕಾರಿನದ್ದನ್ನೇ ಕೊಡಬೇಕು. ಕೆಲವು ಕಡೆ ಇದೇ ಚೌಕವನ್ನು ಫುಟ್‌ಪಾತಿನ ಮೇಲೆಯೇ ಬರೆದಿದ್ದಾರೆ. ಬಿಳಿಕೋಲು ಹಿಡಿದು ನಡೆಯುವವರಿಗೆ ಅದರಿಂದ ಏನು ಬಂತು?

2025ರ ಜುಲೈಯಲ್ಲಿ ಸಂಸತ್ತಿಗೆ ಬಂದ ವಿಕೇಂದ್ರೀಕರಣದ ಮಸೂದೆಯಲ್ಲಿ ಬಾಡಿಗೆ ಸೈಕಲ್ಲಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಪ್ರಸ್ತಾಪವಿತ್ತು. ಲಂಡನ್ನಿನಲ್ಲಿ ಆ ಅಧಿಕಾರ ಇಡೀ ನಗರದ ಸಾರಿಗೆ ಸಂಸ್ಥೆಗೆ. ಏರಿನ ನಡುವೆ ಮೋಟಾರು ನಿಲ್ಲಿಸಿಕೊಂಡ ನನಗೆ ಅದು ಇಷ್ಟವೇ. ಆದರೆ ಯಾವ ಬೀದಿಯ ಫುಟ್‌ಪಾತು ಎಷ್ಟು ಅಗಲ, ಕಸದ ಲಾರಿ ಯಾವ ವಾರ ಬರುತ್ತದೆ ಎಂದು ಗೊತ್ತಿರುವುದು ಕೌನ್ಸಿಲಿಗೆ. ಚೌಕ ಎಲ್ಲಿ, ಒಂದರಲ್ಲಿ ಎಷ್ಟು ಎಂಬ ತೀರ್ಮಾನವಾದರೂ ಅದರ ಕೈಯಲ್ಲಿ ಉಳಿಯಬೇಕು.

ಎಷ್ಟು ಎಂಬುದೇ ದೊಡ್ಡ ಪ್ರಶ್ನೆ. ಮೊನ್ನೆ ಬೆಳಿಗ್ಗೆ ಎಂಟೂವರೆಗೆ ರೈಲು ನಿಲ್ದಾಣದ ಮುಂದಿನ ಚೌಕ ಭರ್ತಿಯಾಗಿತ್ತು. ಆ್ಯಪ್ ಎರಡು ಬೀದಿ ಹಿಂದಿನ ಚೌಕ ತೋರಿಸಿತು. ನಾನು ತಿರುಗಿ ಹೋದೆ, ರೈಲು ತಪ್ಪಿತು. ನನ್ನ ಹಿಂದೆಯೇ ಬಂದ ಹುಡುಗ ಚೌಕದ ಗೂಟಕ್ಕೆ ಗಾಡಿ ಒರಗಿಸಿ, ಕ್ಯಾಮೆರಾವನ್ನು ಅತ್ತ ಇತ್ತ ಓರೆ ಮಾಡಿ ಫೋಟೊ ಹೊಡೆದು, ಓಡಿ ರೈಲು ಹತ್ತಿದ.