ಸಾಯದ ಮೀನು ಯಾವುದಿದೆ?

ಅಲಂಕಾರಿಕ ಮೀನುಗಳ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನ ಕಿವಿಗೆ ಬಿದ್ದ ಈ ಪ್ರಶ್ನೆ, ಹನ್ನೊಂದು ವರ್ಷಗಳು ಕಳೆದ ಮೇಲೂ ವಾರಕ್ಕೆ ನಾಲ್ಕಾರು ಬಾರಿಯಾದರೂ ಕೇಳಿಬರುತ್ತದೆ. ಕೇಳುವವರು ತಮಾಷೆಗೆ ಕೇಳುವುದಿಲ್ಲ. ಮನೆಯಲ್ಲಿ ಈಗಾಗಲೇ ಮೂರೋ ನಾಲ್ಕೋ ಮೀನುಗಳು ಸತ್ತಿರುತ್ತವೆ, ಮಕ್ಕಳು ಅತ್ತಿರುತ್ತಾರೆ, ಇನ್ನೊಮ್ಮೆ ಆ ಗೋಳು ಬೇಡವೆಂದು ಗಟ್ಟಿಮುಟ್ಟಾದ ಜಾತಿಯೊಂದನ್ನು ಹುಡುಕಿಕೊಂಡು ಬಂದಿರುತ್ತಾರೆ. ಸತ್ತ ಮೀನು ಬಲಹೀನವಾಗಿತ್ತು, ಇಲ್ಲವೇ ಅಂಗಡಿಯವರು ರೋಗದ ಮೀನನ್ನು ದಾಟಿಸಿದರು ಎಂಬ ತೀರ್ಮಾನ ಬಾಗಿಲು ದಾಟುವ ಮೊದಲೇ ಆಗಿರುತ್ತದೆ. ನೀರಿನ ವಿಷಯವನ್ನು ಯಾರೂ ಎತ್ತುವುದಿಲ್ಲ.

ಕಳೆದ ತಿಂಗಳು ಒಬ್ಬರು ಬಂದು, ಗಂಟು ಹಾಕಿದ ಪ್ಲಾಸ್ಟಿಕ್ ಚೀಲವೊಂದನ್ನು ಕೌಂಟರಿನ ಮೇಲೆ ಇಟ್ಟರು. ಒಳಗೆ ಎರಡು ಗೋಲ್ಡ್ ಫಿಶ್, ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನಾನು ಚೀಲವನ್ನು ಬೆಳಕಿಗೆ ಹಿಡಿದು ನೋಡಿದೆ. ಬಾಲದ ರೆಕ್ಕೆಯಲ್ಲಿ ಕೆಂಪು ಗೆರೆಗಳು ಕೂದಲೆಳೆಯಂತೆ ಎದ್ದಿದ್ದವು, ಕಿವಿರಿನ ಅಂಚು ಊದಿಕೊಂಡಿತ್ತು. "ಕೊಂಡು ಐದು ದಿನವೂ ಆಗಿಲ್ಲ" ಎಂದರು ಅವರು. ತೊಟ್ಟಿಗೆ ನೀರು ತುಂಬಿದ್ದು ಯಾವಾಗ ಎಂದು ಕೇಳಿದೆ. ಮೀನು ಕೊಂಡ ದಿನವೇ ಸಂಜೆ. ಫಿಲ್ಟರ್ ಇದೆಯೇ ಎಂದೆ. ಇದೆ, ಆದರೆ ರಾತ್ರಿ ಅದರ ಸದ್ದಿಗೆ ನಿದ್ದೆ ಬರುವುದಿಲ್ಲವಾದ್ದರಿಂದ ಆರಿಸುತ್ತಾರೆ. ಸ್ವಚ್ಛತೆಯ ವಿಷಯಕ್ಕೆ ಬಂದಾಗ ಮಾತ್ರ ಅವರ ಮುಖ ಅರಳಿತು. "ಅದರಲ್ಲಿ ನಾನು ಬಹಳ ಕಟ್ಟುನಿಟ್ಟು. ದಿನ ಬಿಟ್ಟು ದಿನ ಇಡೀ ನೀರು ಚೆಲ್ಲಿ, ಕಲ್ಲುಗಳನ್ನೆಲ್ಲ ತಿಕ್ಕಿ, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆಯುತ್ತೇನೆ."

ನನ್ನ ಅನುಭವದಲ್ಲಿ ಅತ್ಯಂತ ಕಷ್ಟದ ಗಿರಾಕಿ ಇವರೇ. ಸೋಮಾರಿಗೆ ಬುದ್ಧಿ ಹೇಳುವುದು ಸುಲಭ, ಏಕೆಂದರೆ ತಾನು ಸೋಮಾರಿ ಎಂಬುದು ಅವನಿಗೂ ಗೊತ್ತಿರುತ್ತದೆ. ಆದರೆ ಮೈಮುರಿದು ದುಡಿದು, ಆ ದುಡಿಮೆಯಿಂದಲೇ ಮೀನನ್ನು ಕೊಂದವರ ಎದುರು ನಿಂತು ಯಾವ ದನಿಯಲ್ಲಿ ಏನು ಹೇಳಬೇಕು ಎಂಬುದು ನನಗೆ ಇಂದಿಗೂ ಸರಿಯಾಗಿ ತಿಳಿದಿಲ್ಲ.

ಅವರಿಗೆ ನಾನು ಹೇಳಿದ್ದು, ಈವರೆಗೆ ನೂರಾರು ಮಂದಿಗೆ ಹೇಳಿರುವ ಮಾತೇ. ಮೀನಿನ ಮೈಯಿಂದ ಅಮೋನಿಯಾ ಹೊರಬೀಳುತ್ತಲೇ ಇರುತ್ತದೆ, ಅದರ ಬಹುಪಾಲು ಹೊರಬರುವುದು ಕಿವಿರುಗಳ ಮೂಲಕ. ಹಾಗಾಗಿ ತೊಟ್ಟಿಯ ತಳದಲ್ಲಿ ಒಂದು ಚೂರು ಕೊಳೆ ಕಾಣದಿದ್ದರೂ ನೀರಿನಲ್ಲಿ ವಿಷ ಕೂಡುತ್ತಿರಬಹುದು. ಹಳೆಯ ತೊಟ್ಟಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಜೀವಿಗಳು ನೆಲೆಸುವುದು ನೀರಿನಲ್ಲಿ ಅಲ್ಲ, ಫಿಲ್ಟರಿನ ಸ್ಪಂಜಿನಲ್ಲಿ ಮತ್ತು ಕಲ್ಲುಗಳ ಮೈಮೇಲೆ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ಅವಕ್ಕೆ ಹರಿಯುವ ನೀರು ಮತ್ತು ಅದರೊಳಗಿನ ಆಮ್ಲಜನಕ ಬೇಕು, ಆದ್ದರಿಂದ ಫಿಲ್ಟರನ್ನು ಗಂಟೆಗಟ್ಟಲೆ ನಿಲ್ಲಿಸಿದರೆ ಸೊರಗುತ್ತವೆ. ನಲ್ಲಿಯ ನೀರಿನ ಕ್ಲೋರಿನ್ ತಗುಲಿದರಂತೂ ಸಾಯುತ್ತವೆ. ಸ್ಪಂಜಿನಲ್ಲಿದ್ದ ಕಂದು ಬಣ್ಣದ ಲೋಳೆಯನ್ನು ಕೊಳೆಯೆಂದು ತಿಳಿದು ತೊಳೆದಾಗಲೆಲ್ಲ ಆ ಮಹನೀಯರು ತೊಟ್ಟಿಯ ಮೂತ್ರಪಿಂಡವನ್ನೇ ಕಿತ್ತು ಎಸೆಯುತ್ತಿದ್ದರು.

"ನೀರು ಕನ್ನಡಿಯ ಹಾಗಿತ್ತಲ್ಲ" ಎಂದರು. ಇದಕ್ಕೆ ಮಾತಿನಲ್ಲಿ ಉತ್ತರವಿಲ್ಲ, ಪರೀಕ್ಷೆಯಲ್ಲಷ್ಟೇ ಇದೆ. ಆದರೆ ಅವರು ತಂದಿದ್ದ ಚೀಲದ ನೀರನ್ನು ಪರೀಕ್ಷಿಸಿ ಪ್ರಯೋಜನವಿರಲಿಲ್ಲ. ಸತ್ತ ಮೀನು ಕೊಳೆಯುತ್ತಿರುವ ನೀರಿನಲ್ಲಿ ಅಮೋನಿಯಾ ಇದ್ದೇ ಇರುತ್ತದೆ, ಅದು ತೊಟ್ಟಿಯ ಕಥೆಯನ್ನು ಹೇಳುವುದಿಲ್ಲ. ತೊಟ್ಟಿಯ ನೀರನ್ನೇ ಒಂದು ಸ್ವಚ್ಛವಾದ ಬಾಟಲಿಯಲ್ಲಿ ತುಂಬಿ ತರಲು ಹೇಳಿದೆ. ಬದಲಿ ಮೀನು ಕೊಡುವಿರೋ ಇಲ್ಲವೋ ಎಂದು ಕೇಳಿದರು. ಇವತ್ತು ಕೊಡುವುದಿಲ್ಲ ಎಂದೆ. "ನಿಮಗೆ ವ್ಯಾಪಾರ ಬೇಕಾಗಿಲ್ಲ ಅನ್ನಿಸುತ್ತದೆ" ಎಂದು ಹೇಳಿ, ಚೀಲವನ್ನು ಅಲ್ಲಿಯೇ ಬಿಟ್ಟು ಹೊರಟುಹೋದರು.

"ನಾವು ಕುಡಿಯುವ ನೀರನ್ನೇ ಹಾಕಿದ್ದೇವೆ" ಎಂಬುದು ಇದೇ ಜಾತಿಯ ಇನ್ನೊಂದು ವಾದ. ನಾವು ಆ ನೀರನ್ನು ಲೋಟದಲ್ಲಿ ಕುಡಿಯುತ್ತೇವೆ, ಮೀನು ಅದನ್ನು ಉಸಿರಾಡುತ್ತದೆ. ನಮ್ಮ ಹೊಟ್ಟೆಗೆ ಏನೂ ಮಾಡದ ಕ್ಲೋರಿನ್ ಕಿವಿರಿನ ತೆಳುಪೊರೆಯನ್ನು ಸುಡುತ್ತದೆ. ನೀರನ್ನು ಬಾಯಗಲದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ ಎಂಬ ಹಳೆಯ ಉಪಾಯ ನಿಜವೇ ಆದರೂ, ಶುದ್ಧೀಕರಣಕ್ಕೆ ಕ್ಲೋರಮೈನ್ ಬಳಸುವ ಕಡೆ ಅದು ನಡೆಯುವುದಿಲ್ಲ, ಏಕೆಂದರೆ ಕ್ಲೋರಮೈನ್ ಅಷ್ಟು ಸುಲಭವಾಗಿ ಬಿಟ್ಟುಹೋಗುವ ವಸ್ತುವಲ್ಲ. ಅದಕ್ಕೆಂದೇ ಬರುವ ಹನಿಗಳ ಸೀಸೆಯನ್ನು ತೋರಿಸಿದರೆ, ಇದು ಹಣ ಕೀಳುವ ಉಪಾಯ ಎಂಬ ನೋಟವೊಂದು ಎದುರಾಗುತ್ತದೆ. ಆ ನೋಟಕ್ಕೆ ನಾನು ಈಗ ಒಗ್ಗಿಹೋಗಿದ್ದೇನೆ.

ಒಗ್ಗಿಕೊಳ್ಳಲಾಗದ್ದು ಅಳತೆಯ ವಿಷಯ. ಅಂಗಡಿಗೆ ಬರುವ ಮೀನುಗಳಲ್ಲಿ ಹೆಚ್ಚಿನವು ಮರಿಗಳು ಎಂಬುದೇ ಬಹಳ ಮಂದಿಗೆ ಹೊಳೆಯುವುದಿಲ್ಲ. ಗಾಜನ್ನು ಶುಚಿ ಮಾಡುತ್ತದೆ ಎಂದು ಎಲ್ಲರೂ ಒಂದೊಂದು ಸಕ್ಕರ್ ಕೇಳುತ್ತಾರೆ. ಬೆರಳುದ್ದದ ಆ ಮರಿ ಬೆಳೆದರೆ 40 ಸೆಂಟಿಮೀಟರ್ ದಾಟುತ್ತದೆ, ಬೇರೆ ಮೀನುಗಳ ಮಲವನ್ನು ಅದು ತಿನ್ನುವುದಿಲ್ಲ, ಬದಲಿಗೆ ತನ್ನದನ್ನು ರಾಶಿ ರಾಶಿ ಸೇರಿಸುತ್ತದೆ. ಮಕ್ಕಳಿಗೆ ಬಲು ಇಷ್ಟವಾದ, ಶಾರ್ಕ್ ಎಂದು ಕರೆಯಲಾಗುವ ಬೆಳ್ಳಿ ಬಣ್ಣದ ಮೀನು ಶಾರ್ಕ್ ಅಲ್ಲವೇ ಅಲ್ಲ; ಅದು ಆಗ್ನೇಯ ಏಷ್ಯಾದ ಮೆಕಾಂಗ್ ಮತ್ತು ಚಾವೊ ಫ್ರಯಾ ನದಿಗಳ ಬೆಕ್ಕುಮೀನು, ಪೂರ್ತಿ ಬೆಳೆದರೆ ಒಂದು ಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಇದನ್ನು ಹೇಳಿದಾಗ ಬರುವ ಉತ್ತರ ಬಾಯಿಪಾಠ ಮಾಡಿದ ಹಾಗೆ ಒಂದೇ: "ತೊಟ್ಟಿ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತದಂತೆ." ಇಕ್ಕಟ್ಟಿನ ಕೆಟ್ಟ ನೀರಿನಲ್ಲಿ ಬೆಳವಣಿಗೆ ಕುಂಠಿತವಾಗುವುದು ನಿಜ. ಬೆನ್ನುಮೂಳೆ ಬಾಗಿ, ಕಣ್ಣು ಮಾತ್ರ ಮೈಗಿಂತ ದೊಡ್ಡದಾಗಿ ಕಾಣುವ ಅಂಥ ಮೀನುಗಳನ್ನು ನಾನು ನೋಡಿದ್ದೇನೆ. ಅದನ್ನು ಹೊಂದಾಣಿಕೆ ಎಂದು ಕರೆಯಲು ನನ್ನಿಂದಾಗದು.

ಒಂದೆರಡು ವರ್ಷ ಕಳೆದ ಮೇಲೆ ಇವರೇ ಬಕೆಟ್ ಹಿಡಿದುಕೊಂಡು ಬರುತ್ತಾರೆ. ಆಸ್ಕರ್ 30 ಸೆಂಟಿಮೀಟರ್ ಆಗಿದೆ, ಉಳಿದವನ್ನೆಲ್ಲ ನುಂಗಿದೆ, ವಾಪಸು ತೆಗೆದುಕೊಳ್ಳಿ ಎನ್ನುತ್ತಾರೆ. ನಮ್ಮಲ್ಲಿಯೂ ಅಷ್ಟು ದೊಡ್ಡ ತೊಟ್ಟಿಗಳು ಇರುವುದು ಎರಡೇ, ಅವೆರಡೂ ಇಂಥವೇ ಅನಾಥರಿಂದ ತುಂಬಿವೆ. ತೆಗೆದುಕೊಳ್ಳಲು ಆಗುವುದಿಲ್ಲ ಎಂದರೆ, ಕೆರೆಗೆ ಬಿಡುತ್ತೇನೆ ಎಂದು ಬಹಳ ಉದಾರವಾಗಿ ಹೇಳುತ್ತಾರೆ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ಹಲವು ದೇಶಗಳ ನದಿ ಕೆರೆಗಳನ್ನು ಸೇರಿ, ದಡದ ಮಣ್ಣಿನಲ್ಲಿ ಬಿಲ ತೋಡುತ್ತ, ಬಲೆಗಳನ್ನು ಹರಿಯುತ್ತ, ಮೀನುಗಾರರ ಪಾಲಿಗೆ ಪಿಡುಗಾಗಿ ಕುಳಿತಿದೆ. ಕೆರೆಗೆ ಬಿಡಬೇಡಿ ಎಂದು ಬೇಡಿಕೊಳ್ಳುವಾಗ ನನ್ನ ದನಿ ಏರುತ್ತದೆ, ಒಪ್ಪುತ್ತೇನೆ.

ಫೈಟರ್ ಮೀನಿನ ವಿಷಯದಲ್ಲಿ ತಪ್ಪು ತಿಳುವಳಿಕೆಗೆ ಒಂದು ನೆವವಾದರೂ ಇದೆ. ಆಗ್ನೇಯ ಏಷ್ಯಾದ ಭತ್ತದ ಗದ್ದೆಗಳ, ಜೌಗುಗಳ ಈ ಮೀನಿಗೆ ಕಿವಿರುಗಳ ಜೊತೆಗೆ ತಲೆಯೊಳಗೆ ಗಾಳಿಯನ್ನೇ ಉಸಿರಾಡಬಲ್ಲ ಅಂಗವೊಂದಿದೆ. ಹಾಗಾಗಿ ಬೇರೆ ಮೀನು ಒಂದು ದಿನವೂ ತಾಳದ ಲೋಟದ ನೀರಿನಲ್ಲಿ ಇದು ತಿಂಗಳುಗಟ್ಟಲೆ ಇರುತ್ತದೆ, ನೋಡುವವರು ಅದನ್ನು ಬಾಳುವುದೆಂದು ತಿಳಿಯುತ್ತಾರೆ. ಗದ್ದೆಯ ನೀರು ಮೊಣಕಾಲಿನಷ್ಟೂ ಆಳವಿರದಿದ್ದರೂ ಅದರ ಹರವು ಎಷ್ಟೆಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡು ಗಂಡುಗಳನ್ನು ಒಂದೇ ಚೀಲದಲ್ಲಿ ಹಾಕಿಕೊಡಿ, ಏನಾಗುತ್ತದೋ ನೋಡೋಣ ಎಂದು ನಗುತ್ತ ಕೇಳುವ ಹುಡುಗರೂ ಬರುತ್ತಾರೆ. ಅವರಿಗೆ ನಾನು ಒಂದನ್ನೂ ಕೊಡುವುದಿಲ್ಲ, ಆ ಮಾತು ಅಲ್ಲಿಗೆ ಮುಗಿಯಿತು.

ನಗು ಬರಿಸುವ ಗಳಿಗೆಗಳೂ ಇಲ್ಲದಿಲ್ಲ. ಎಂಬತ್ತು ನಿಯಾನ್ ಟೆಟ್ರಾಗಳು ಒಟ್ಟಾಗಿ ತಿರುಗುತ್ತಿರುವ ತೊಟ್ಟಿಯ ಗಾಜಿಗೆ ಬೆರಳು ಒತ್ತಿ, "ಅದು ಬೇಡ, ಅದರ ಪಕ್ಕದ್ದು, ಅಯ್ಯೋ ಈಗ ಈ ಕಡೆ ಬಂತಲ್ಲ, ಅದೇ" ಎನ್ನುವವರ ಮಾತಿಗೆ ತಕ್ಕಂತೆ ಬಲೆ ಆಡಿಸುವುದು ಒಂದು ವ್ಯಾಯಾಮ. ಎಂಬತ್ತೂ ಒಂದೇ ಥರ ಇವೆ ಎಂದು ಹೇಳಬಾರದು, ಅವರಿಗೆ ಬೇಸರವಾಗುತ್ತದೆ. ಮೂರನೆಯ ಸಲಕ್ಕೆ ಸಿಕ್ಕಿದ್ದನ್ನು ಹಿಡಿದು, ಇದೇ ಅಲ್ಲವೇ ಎಂದರೆ, ಹೌದು ಇದೇ ಎಂದು ಸಂತೋಷಪಡುತ್ತಾರೆ.

ಇಷ್ಟೆಲ್ಲ ದೂರಿದ ಮೇಲೆ ನಮ್ಮ ಕಡೆಯ ಲೆಕ್ಕವನ್ನೂ ಹೇಳದಿದ್ದರೆ ನ್ಯಾಯವಾಗದು. ಅಂಗಡಿಯ ಬಾಗಿಲಲ್ಲಿಯೇ, ಎಲ್ಲರ ಕಣ್ಣಿಗೂ ಬೀಳುವಂತೆ, ದುಂಡನೆಯ ಗಾಜಿನ ಬೌಲ್‌ಗಳನ್ನು ಗೋಪುರದ ಹಾಗೆ ಪೇರಿಸಿಡುವುದು ನಾವೇ. ಅವುಗಳ ಪೆಟ್ಟಿಗೆಯ ಮೇಲೆ ಗೋಲ್ಡ್ ಫಿಶ್ ಚಿತ್ರ ಅಚ್ಚಾಗಿದೆ. ಪ್ರತಿ ಬೆಳಿಗ್ಗೆ ಅದರ ಧೂಳು ಒರೆಸುವ ನಾನೇ, ಮಧ್ಯಾಹ್ನ ಅದನ್ನು ಕೈಯಲ್ಲಿ ಹಿಡಿದು ಬಂದವರಿಗೆ, ಗೋಲ್ಡ್ ಫಿಶ್ ಒಂದಡಿಯವರೆಗೆ ಬೆಳೆಯಬಲ್ಲ ಮೀನು, ಇದರಲ್ಲಿ ಬದುಕುವುದಿಲ್ಲ ಎಂದು ಉಪದೇಶಿಸುತ್ತೇನೆ. ಹಾಗಿದ್ದರೆ ಇದನ್ನು ಯಾಕೆ ಮಾರುತ್ತೀರಿ ಎಂದು ಒಬ್ಬಾಕೆ ನೇರವಾಗಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮಾಲೀಕರನ್ನು ಕೇಳಿದೆ. ನಾವು ಮಾರದಿದ್ದರೆ ಪಕ್ಕದವರು ಮಾರುತ್ತಾರೆ ಎಂದರು.

ಮೊದಲ ವರ್ಷ ನನಗೆ ಹೇಳಿಕೊಟ್ಟಿದ್ದು ಒಂದೇ ಸೂತ್ರ, ಒಂದು ಇಂಚು ಮೀನಿಗೆ ಒಂದು ಗ್ಯಾಲನ್ ನೀರು. ಅದನ್ನೇ ವೇದವಾಕ್ಯವೆಂದು ನಂಬಿ ಎಷ್ಟೋ ಜನರಿಗೆ ಸಲಹೆ ಕೊಟ್ಟೆ. ಹತ್ತು ಇಂಚಿನ ಒಂದು ಆಸ್ಕರ್ ಮತ್ತು ಒಂದು ಇಂಚಿನ ಹತ್ತು ಟೆಟ್ರಾಗಳು ಈ ಸೂತ್ರದ ಪ್ರಕಾರ ಒಂದೇ. ಆದರೆ ಆ ಆಸ್ಕರ್‌ನ ಮೈತೂಕ, ಅದು ತಿನ್ನುವುದು, ಅದು ಹೊರಹಾಕುವುದು, ಹತ್ತು ಟೆಟ್ರಾಗಳನ್ನು ಒಟ್ಟು ಮಾಡಿದರೂ ಅದರ ಹತ್ತಿರಕ್ಕೆ ಬರುವುದಿಲ್ಲ. ತೊಟ್ಟಿ, ಕಲ್ಲು, ಫಿಲ್ಟರ್, ಎಂಟು ಮೀನು, ಎಲ್ಲವನ್ನೂ ಒಂದೇ ಸಂಜೆ ಕಟ್ಟಿಕೊಟ್ಟು, ಒಳ್ಳೆಯ ವ್ಯಾಪಾರವಾಯಿತೆಂದು ಹಿಗ್ಗಿದ್ದೂ ಇದೆ. ಆ ಎಂಟರಲ್ಲಿ ಎಷ್ಟು ಉಳಿದವೋ ನನಗೆ ತಿಳಿಯದು, ಅವರು ಮತ್ತೆ ಬರಲಿಲ್ಲ. ಮತ್ತೆ ಬಾರದವರೆಲ್ಲ ಮೀನು ಸಾಕುವುದೇ ಕಷ್ಟವೆಂದು ಬಿಟ್ಟವರು ಎಂಬುದು ನನಗೆ ಹೊಳೆಯಲು ಬಹಳ ವರ್ಷಗಳು ಹಿಡಿದವು.

ಕೋಪ ಬರಿಸುವುದು ಅರಿವಿಲ್ಲದಿರುವಿಕೆಯಲ್ಲ. ಹುಟ್ಟುತ್ತಲೇ ಅಮೋನಿಯಾದ ಲೆಕ್ಕ ತಿಳಿದವರು ಯಾರೂ ಇಲ್ಲ. "ಒಂದು ಮೀನಿಗೆ ಇಷ್ಟೆಲ್ಲ ಬೇಕಾ" ಎಂಬ ಮಾತು ಬರಿಸುತ್ತದೆ. ಗೋಲ್ಡ್ ಫಿಶ್‌ನ ಆಯುಸ್ಸೇ ಎರಡು ತಿಂಗಳು ಎಂದು ನಂಬಿದವರು ಎಷ್ಟೋ ಜನ. 1956ರಲ್ಲಿ ಇಂಗ್ಲೆಂಡಿನ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಸಿಕ್ಕಿದ್ದ ಟಿಶ್ ಎಂಬ ಗೋಲ್ಡ್ ಫಿಶ್ 1999ರವರೆಗೆ, ಅಂದರೆ 43 ವರ್ಷ ಬದುಕಿತ್ತು ಎಂದು ನಾನು ಹೇಳಿದರೆ ನಗುತ್ತಾರೆ. ಅಷ್ಟು ಬೇಡ, ಸಾಧಾರಣವಾಗಿ ನೋಡಿಕೊಂಡರೂ ಹತ್ತು ವರ್ಷ ಬದುಕುವ ಪ್ರಾಣಿ ಅದು. ನಾಯಿಮರಿ ಐದೇ ದಿನದಲ್ಲಿ ಸತ್ತಿದ್ದರೆ ಇನ್ನೊಂದು ಕೊಡಿ ಎಂದು ಯಾರೂ ಅದನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಿರಲಿಲ್ಲ. ಮೀನು ಕೂಗುವುದಿಲ್ಲ, ಅದೇ ಅದರ ಗ್ರಹಚಾರ. ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದರೆ ಉಸಿರು ಕಟ್ಟುತ್ತಿದೆಯೆಂದು ಅರ್ಥ, ಅದನ್ನು ನೋಡಿದವರು ಹಸಿವಾಗಿದೆ ಎಂದುಕೊಂಡು ಇನ್ನೊಂದು ಚಿಟಿಕೆ ಆಹಾರ ಉದುರಿಸುತ್ತಾರೆ.

ಚೀಲವನ್ನು ಬಿಟ್ಟುಹೋದವರು ಮೊನ್ನೆ ಮತ್ತೆ ಬಂದಿದ್ದರು. ಮೂರು ವಾರಗಳಾಗಿದ್ದವು. ಬೇರೆಲ್ಲಿಂದಲೋ ಕೊಂಡ ಒಂದೇ ಒಂದು ಮೀನು ಮನೆಯಲ್ಲಿದೆ ಎಂದು ಹೇಳಿ, ಜೇಬಿನಿಂದ ಸಣ್ಣ ಬಾಟಲಿಯೊಂದನ್ನು ತೆಗೆದು ಕೌಂಟರಿನ ಮೇಲೆ ಇಟ್ಟರು. ಸ್ಪಂಜನ್ನು ತೊಳೆದಿರಾ ಎಂದೆ. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಒಮ್ಮೆ ಅದ್ದಿ ತೆಗೆದೆ, ಆ ಸದ್ದು ಮಾತ್ರ ರಾತ್ರಿಯಿಡೀ ತಲೆ ತಿನ್ನುತ್ತದೆ ಎಂದರು. ಅಮೋನಿಯಾದ ನಳಿಗೆಯಲ್ಲಿ ನೀರು ಹಳದಿಯಾಗಿಯೇ ಉಳಿಯಿತು, ಅಂದರೆ ಅಮೋನಿಯಾ ಇಳಿದಿತ್ತು. ನೈಟ್ರೈಟಿನದಕ್ಕೆ ಐದು ಹನಿ ಹಾಕಿ ಅಲುಗಾಡಿಸಿ ಇಬ್ಬರೂ ಕಾದೆವು. ತಿಳಿನೀಲಿಯಾಗಿ ನಿಲ್ಲಬೇಕಾದ ನೀರು ನೋಡನೋಡುತ್ತಿದ್ದಂತೆ ನೇರಳೆಗೆ ತಿರುಗಿತು. ಅರ್ಧ ದಾರಿ ಬಂದಿದೆ, ಎರಡನೆಯ ಬಗೆಯ ಬ್ಯಾಕ್ಟೀರಿಯಾ ಇನ್ನೂ ಸಾಲದು, ಇರುವ ಆ ಒಂದು ಮೀನಿನ ಸಲುವಾಗಿ ಇವತ್ತು ಕಾಲು ಭಾಗ ನೀರು ಬದಲಿಸಿ, ಇನ್ನೊಂದು ಮೀನನ್ನು ಮಾತ್ರ ಈಗಲೇ ತರಬೇಡಿ ಎಂದೆ. "ಇನ್ನೂ ಎಷ್ಟು ದಿನ?" ಎಂದು ಕೇಳಿದರು. ಎರಡು ವಾರ ಎಂದೆ. ಮೀನಂಗಡಿಯಲ್ಲಿ ಮೀನೊಂದನ್ನು ಬಿಟ್ಟು ಮಿಕ್ಕ ಎಲ್ಲವೂ ಸಿಗುತ್ತದೆ ಎಂದು ಗೊಣಗುತ್ತಲೇ, ಬಾಟಲಿಯನ್ನು ತೊಳೆದುಕೊಳ್ಳಲು ನಲ್ಲಿ ಎಲ್ಲಿದೆ ಎಂದು ಕೇಳಿದರು.